ಸಗರನಾಡಿನ ಸರಸ್ವತೀ ಭಂಡಾರ



ಯಾದಗಿರಿಯಿಂದ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಸಿಕಂದರಾಬಾದಿನ ಹಾದಿ ಹಿಡಿದರೆ ಚಿತ್ತಾಪುರ ಬರುತ್ತದೆ. ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿ. ಅಲ್ಲಿ ನೋಡುವುದಕ್ಕಿರುವುದು ಹಳೆಯ ಗುಡಿಗಳು, ಅರವತ್ತು ಕಂಬದ ಒಂದು ಮಂಟಪ, ಮತ್ತು ಶಾಸನಗಳು. ಆ ಶಾಸನಗಳಲ್ಲೊಂದು ಕ್ರಿ.ಶ. 1058ರದು. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನನು ಅಲ್ಲಿಯ ಘಟಿಕಾಸ್ಥಾನಕ್ಕೆ ಮಾಡಿಕೊಟ್ಟ ಏರ್ಪಾಡನ್ನು ಅದು ವಿವರಿಸುತ್ತದೆ. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು. ವೇದ ಹೇಳಿಕೊಡುವವರು ಮೂವರು, ಶಾಸ್ತ್ರ ಹೇಳಿಕೊಡುವವರು ಮೂವರು. ಅದಾದ ಮೇಲೆ ಇನ್ನೊಂದು ಹುದ್ದೆ ಬರುತ್ತದೆ: ಸರಸ್ವತೀ ಭಂಡಾರಿಗರು. ಇವರು ಗ್ರಂಥಭಂಡಾರವನ್ನು ಕಾಯುವವರು, ಇಂದಿನ ಮಾತಿನಲ್ಲಿ ಗ್ರಂಥಪಾಲಕರು. ಅವರ ಸಂಖ್ಯೆ ಆರು.

ಆರು ಜನ ಉಪಾಧ್ಯಾಯರಿಗೆ ಆರು ಜನ ಗ್ರಂಥಪಾಲಕರು! ಇಂದಿನ ಯಾವ ಕಾಲೇಜಿನ ಆಡಳಿತ ಮಂಡಳಿಯ ಮುಂದಾದರೂ ಈ ಲೆಕ್ಕವನ್ನು ಇಟ್ಟು ನೋಡಿ, ನಗುತ್ತಾರೆ. ಆದರೆ ಓಲೆಗರಿಯ ಕಾಲದಲ್ಲಿ ಅದು ದುಂದುವೆಚ್ಚವಾಗಿರಲಿಲ್ಲ. ಗರಿ ಹುಳು ಹಿಡಿಯುತ್ತದೆ, ಮುರಿಯುತ್ತದೆ. ಹಳೆಯ ಪ್ರತಿ ಸವೆಯುವ ಮುನ್ನ ಹೊಸ ಪ್ರತಿಯಾಗಬೇಕು, ಅದನ್ನು ಮೂಲದೊಡನೆ ತಾಳೆ ನೋಡಬೇಕು, ಯಾವ ಕಟ್ಟು ಎಲ್ಲಿದೆಯೆಂಬುದು ಒಬ್ಬನ ನೆನಪಿನಲ್ಲಾದರೂ ಇರಬೇಕು. ಭಂಡಾರವೆಂದರೆ ಕೋಣೆಯಲ್ಲ, ಆ ಆಳುಗಳು ಎಂಬುದನ್ನು ಶಾಸನ ಬರೆಸಿದವನು ಬಲ್ಲವನಾಗಿದ್ದ.

ಈ ಹಳೆಯ ಸಂಗತಿಯನ್ನು ಈಗ ಏಕೆ ತೆಗೆದೆನೆಂದು ತಾವು ಕೇಳಬಹುದು. ಇಂದು ಯಾದಗಿರಿ, ಶಹಾಪುರ, ಸುರಪುರಗಳ ಬಸ್ ನಿಲ್ದಾಣದಲ್ಲಿ ನಿಂತ ಹುಡುಗನ ಅಂಗಿಯ ಜೇಬಿನಲ್ಲಿ ಒಂದು ಭಂಡಾರವಿದೆ. ನಾಗಾವಿಯ ಆರು ಮಂದಿ ಜನ್ಮವೆಲ್ಲ ಕಾದರೂ ಕಾಣದಷ್ಟು ಗ್ರಂಥಗಳು ಆ ಫೋನಿನೊಳಗೆ ಬರುತ್ತವೆ. ಅಂತರ್ಜಾಲವೆಂಬ ಈ ವ್ಯವಸ್ಥೆ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ತೆರೆದದ್ದು 1995ರ ಆಗಸ್ಟ್ 15ರಂದು; ನಮ್ಮ ಹಳ್ಳಿಗಳಿಗೆ ಅದು ನಿಜವಾಗಿ ಇಳಿದದ್ದು 2016ರ ನಂತರ, ಫೋನಿನ ದತ್ತಾಂಶ ಅಗ್ಗವಾದ ಮೇಲೆ. ದೆಹಲಿ ಬೆಂಗಳೂರುಗಳ ಮಾತು ಬೇರೆ; ಅಲ್ಲಿ ಮೊದಲೇ ಪುಸ್ತಕಗಳಿದ್ದವು. ಸಗರನಾಡಿನಂಥ ಸೀಮೆಗೆ, ತನ್ನ ಕುರಿತ ಬರಹವೆಲ್ಲ ಯಾವಾಗಲೂ ಬೇರೆ ಊರಿನ ಕಪಾಟಿನಲ್ಲಿದ್ದ ಸೀಮೆಗೆ, ಇದು ಏನು ಮಾಡಿತು? ಅದನ್ನು ನೋಡುವುದು ಈ ಬರಹದ ಉದ್ದೇಶ.

ನಮ್ಮ ಸೀಮೆಯ ತಿಳಿವಳಿಕೆ ಹೊರಗೆ ಹೋದ ಬಗೆಯನ್ನು ಮೊದಲು ನೋಡೋಣ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆ ಇರುವುದನ್ನು ಆ ಕಡೆಯವರೆಲ್ಲ ಬಲ್ಲರು. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರ ಸಂಸ್ಥಾನದ ವ್ಯವಹಾರ ನೋಡಲು ನೇಮಕಗೊಂಡು 1853ರವರೆಗೆ ಇದ್ದವನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನನ್ನು ಅವನು ಕಣ್ಣಾರೆ ಬೆಳೆಸಿದ. ಅದೇ ನಾಯಕ 1858ರಲ್ಲಿ ಕಂಪನಿ ಸರ್ಕಾರದ ಮೇಲೆ ಬಿದ್ದು, ಸೆರೆಯಾಗಿ, ಅದೇ ವರ್ಷ ಗುಂಡಿಗೆ ಸತ್ತ. ಈ ಕಥೆಯನ್ನೆಲ್ಲ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಅದು ಅವನ ಮಗಳ ಸಂಪಾದಕತ್ವದಲ್ಲಿ 1877ರಲ್ಲಿ, ಅವನು ಸತ್ತ ಮರುವರ್ಷ, ಹೊರಬಂತು. ವೆಂಕಟಪ್ಪ ನಾಯಕನ ಬಾಲ್ಯದ ಬಗ್ಗೆ ಸುರಪುರದವನಿಗೆ ತಿಳಿಯಬೇಕಾದರೆ ಆ ಇಂಗ್ಲಿಷ್ ಪುಸ್ತಕವನ್ನು ಎಲ್ಲಿಂದಲಾದರೂ ತರಿಸಬೇಕಾಗಿತ್ತು. ಅದರಲ್ಲಿ ಕೇಳುವುದು ಆಳುವವನ ದನಿಯೊಂದೇ ಎಂಬುದು ಬೇರೆ ಮಾತು.

ಟೇಲರನಿಗೆ ಇನ್ನೊಂದು ಹುಚ್ಚಿತ್ತು. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಾಲು ಹಿಡಿದು, ಚದುರಂಗದ ಮನೆಗಳ ಹಾಗೆ ಹೂಡಿರುವ ಒಂದು ಬಯಲಿದೆ. ರಾಜನಕೊಳ್ಳೂರಿನಲ್ಲಿ ಚಪ್ಪಡಿಕಲ್ಲಿನ ಗೋರಿಮನೆಗಳಿವೆ. ದನ ಮೇಯಿಸುವವರು ದಿನಾ ನೋಡುತ್ತಿದ್ದ ಈ ಕಲ್ಲುಗಳನ್ನು ಟೇಲರ್ ಅಳೆದು, ಅಗೆದು, ಚಿತ್ರ ಬರೆದು, 1850ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಕಳಿಸಿದ. ಅವನ ಲೇಖನಗಳನ್ನು ಹೈದರಾಬಾದಿನ ಪುರಾತತ್ವ ಇಲಾಖೆ 1941ರಲ್ಲಿ ಪುಸ್ತಕವಾಗಿ ಮತ್ತೆ ಅಚ್ಚು ಹಾಕಿಸಿತು. 1956ರಲ್ಲಿ ಎಫ್. ಆರ್. ಆಲ್ಚಿನ್ ಎಂಬ ವಿದ್ವಾಂಸ ಅವೇ ಕಲ್ಲುಸಾಲುಗಳ ಮೇಲೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬರೆದ. ತರುವಾಯ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ, ಬೈಚಬಾಳದ ಹಳ್ಳದ ದಂಡೆಗಳಲ್ಲಿ ದಶಕಗಟ್ಟಲೆ ತಿರುಗಿ ಆದಿಮಾನವನ ಕಲ್ಲಿನ ಆಯುಧಗಳನ್ನು ಹೆಕ್ಕಿದರು; 1982ರಲ್ಲಿ ಅವರ ಗ್ರಂಥ ಬಂತು. ಇಸಾಂಪುರದಲ್ಲಿ ಅವರು ಕಂಡದ್ದು ಆಯುಧ ತಯಾರಿಸುವ ಒಂದು ಕಲ್ಲುಗಣಿ. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾಗಿದೆ. ಜಗತ್ತಿನ ಪ್ರಾಗಿತಿಹಾಸದ ಪಠ್ಯಗಳಲ್ಲಿ ಹುಣಸಗಿಯ ಹೆಸರಿದೆ. ಹುಣಸಗಿಯ ಶಾಲೆಯ ಮಕ್ಕಳ ಪಠ್ಯಕ್ಕೆ ಮಾತ್ರ ಆ ಸುದ್ದಿ ಸುಲಭವಾಗಿ ಮುಟ್ಟಲಿಲ್ಲ. ಕಲ್ಲು ಇಲ್ಲಿ, ಕಾಗದ ಅಲ್ಲಿ.

ನಿಜಾಮರ ಆಡಳಿತದಲ್ಲಿ ಈ ದೂರ ಇನ್ನಷ್ಟು ಹೆಚ್ಚಿತು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೆಲ್ಲ ಉರ್ದುವಿನಲ್ಲೇ. ಆದರೆ ಅಲ್ಲಿ ಕನ್ನಡಕ್ಕೂ ಒಂದು ವಿಭಾಗವಿತ್ತು, ಆ ವಿಭಾಗದ ಸಲುವಾಗಿ ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳು ಬಂದು ಸೇರುತ್ತಿದ್ದವು. ಧಾರವಾಡದಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ ಅಚ್ಚಾದ ಕಾವ್ಯ, ಕಾದಂಬರಿ, ವ್ಯಾಕರಣಗಳು ಹೈದರಾಬಾದಿನ ಆ ಕಪಾಟುಗಳಲ್ಲಿ ಕೂಡಿದವು. ಯಾದಗಿರಿಯಿಂದ ಓದಲು ಹೋದ ಅದೃಷ್ಟವಂತರು ಅವನ್ನು ಕಂಡರು. ಊರಲ್ಲಿ ಉಳಿದವರು ಹೆಸರು ಕೇಳಿ ಸುಮ್ಮನಾದರು. ಈ ಕಪಾಟಿನ ನೆನಪನ್ನು ತಾವು ಸ್ವಲ್ಪ ಹೊತ್ತು ಇಟ್ಟುಕೊಂಡಿರಬೇಕು. ಮುಂದೆ ಮತ್ತೆ ಅದರ ಹತ್ತಿರ ಬರುತ್ತೇನೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿತು. ಇಲ್ಲಿ ಒಂದು ಸೋಜಿಗದ ಸಂಗತಿಯಿದೆ. ಗ್ರಂಥಾಲಯಗಳಿಗೆಂದು ಕಾನೂನು ಮಾಡಿದ ರಾಜ್ಯಗಳಲ್ಲಿ ಮದರಾಸು ಮೊದಲನೆಯದು, 1948ರಲ್ಲಿ. ಎರಡನೆಯದು ಹೈದರಾಬಾದ್, 1955ರಲ್ಲಿ. ಹಳೆಯ ಮೈಸೂರಿಗೆ ಅಂಥ ಕಾನೂನು ಬಂದದ್ದು 1965ರಲ್ಲಿ, ಜಾರಿಯಾದದ್ದು 1966ರ ನವೆಂಬರ್ 1ರಂದು. ಅಂದರೆ ಸಾರ್ವಜನಿಕ ಗ್ರಂಥಾಲಯದ ಕಾನೂನಿನ ಮಟ್ಟಿಗೆ ‘ಹಿಂದುಳಿದ’ ಯಾದಗಿರಿ ‘ಮುಂದುವರಿದ’ ಬೆಂಗಳೂರಿಗಿಂತ ಹತ್ತು ವರ್ಷ ಮುಂದಿತ್ತು! ಕಾನೂನು ಪುಸ್ತಕವನ್ನು ಹೊತ್ತು ತರುವುದಿಲ್ಲವೆನ್ನಿ. ಮನೆ, ನಿವೇಶನಗಳ ತೆರಿಗೆಯ ಮೇಲೆ ಗ್ರಂಥಾಲಯ ಕರ ಎತ್ತುವುದು ಈ ಕಾನೂನಿನ ಜೀವಾಳ. ತೆರಿಗೆ ದಂಡಿಯಾಗಿ ಹುಟ್ಟುವ ನಗರಕ್ಕೆ ಪುಸ್ತಕವೂ ದಂಡಿ. ಮಣ್ಣಿನ ಗೋಡೆಯ ಊರಿಗೆ ಎಷ್ಟು ಕರ, ಎಷ್ಟು ಪುಸ್ತಕ? ಕಾನೂನಿನ ಮೊದಲ ದಿನದಿಂದ ಇರುವ ಈ ತೊಡಕು ಸರ್ಕಾರದ ಅನುದಾನದಿಂದಲೂ ಪೂರ್ತಿ ಬಿಟ್ಟುಹೋಗಿಲ್ಲ.

ಅದೇ 1966ರಲ್ಲಿ ಕಲಬುರಗಿಯ ಆಕಾಶವಾಣಿ ಕೇಂದ್ರ ಆರಂಭವಾಯಿತು. ಆ ಕಾಲದ ಪಂಚಾಯಿತಿ ಕಟ್ಟೆಯ ರೇಡಿಯೋವನ್ನು ಹಿರಿಯರು ನೆನೆಯುತ್ತಾರೆ. ಊರಿಗೆಲ್ಲ ಒಂದು ಪೆಟ್ಟಿಗೆ. ಸಂಜೆ ರೈತರ ಕಾರ್ಯಕ್ರಮಕ್ಕೆ ಹತ್ತಾರು ಜನ ಕೂಡುವರು. ಕೇಳಿದ ಮಾತಿನ ಮೇಲೆ ಅಲ್ಲೇ ವಾದವೂ ಆಗುವುದು. ಅಕ್ಷರ ಬಾರದವನಿಗೂ ಅಲ್ಲಿ ಜಾಗವಿತ್ತು. ಈ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ರೇಡಿಯೋವನ್ನು ಹೊಗಳುತ್ತಿದ್ದೇನೆಂದು ತಾವು ತಿಳಿಯಬಾರದು. ರೇಡಿಯೋಗೆ ಕೇಳುಗ ಎದುರು ಮಾತಾಡುವಂತಿರಲಿಲ್ಲ, ಬೇಕಾದ್ದನ್ನು ಬೇಕಾದಾಗ ಕೇಳುವಂತೆಯೂ ಇರಲಿಲ್ಲ. ಫೋನು ಈ ಎರಡು ಕೊರತೆಗಳನ್ನೂ ನೀಗಿತು. ಆದರೆ ಕಟ್ಟೆಯ ಮೇಲಿನ ಹತ್ತಾರು ಜನರನ್ನು ಅದು ಒಬ್ಬೊಬ್ಬರನ್ನಾಗಿ ಬಿಡಿಸಿ ಕೂರಿಸಿತು. ಒಬ್ಬನಿಗೆ ಬಂದ ಸುದ್ದಿ ಪಕ್ಕದವನಿಗೆ ಬಂದಿಲ್ಲ; ಬಂದದ್ದು ಸುಳ್ಳಾದರೆ ‘ಅದು ಹಾಗಲ್ಲೋ ತಮ್ಮಾ’ ಎನ್ನಲು ಮಗ್ಗುಲಲ್ಲಿ ಯಾರೂ ಇಲ್ಲ.

ಈಗ ಉಸ್ಮಾನಿಯಾದ ಕಪಾಟಿನ ಮಾತು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಗಳು ಸೇರಿ ಹತ್ತು ಲಕ್ಷ ಪುಸ್ತಕಗಳನ್ನು ಪುಟಪುಟವಾಗಿ ಚಿತ್ರ ತೆಗೆದು ಅಂತರ್ಜಾಲಕ್ಕೆ ಏರಿಸುವ ಹಂಚಿಕೆ ಹೂಡಿದವು. ಅದರ ಭಾರತದ ಶಾಖೆಯೇ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ಹೈದರಾಬಾದಿನಲ್ಲೂ ಕೆಲಸ ನಡೆದು, ಉಸ್ಮಾನಿಯಾ ಗ್ರಂಥಾಲಯದ ಕನ್ನಡ ಪುಸ್ತಕಗಳು ಸಾಲುಸಾಲಾಗಿ ಯಂತ್ರದ ಕೆಳಗೆ ಬಂದವು. 2017ರಲ್ಲಿ ಆ ಸರ್ಕಾರಿ ತಾಣ ಮುಚ್ಚಿದಾಗ ಎಲ್ಲ ಹೋಯಿತೆಂದುಕೊಂಡೆವು. ಅಷ್ಟರಲ್ಲಿ ಆ ಸಂಗ್ರಹದ ಬಹುಭಾಗವನ್ನು ಅಮೆರಿಕದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ತಾಣಕ್ಕೆ ಸಾಗಿಸಿ ಉಳಿಸಲಾಗಿತ್ತು.

ಇಂಥ ಒಂದು ಪುಸ್ತಕವನ್ನು ತಾವೇ ತೆರೆದು ನೋಡಿ. ಮೊದಲ ಹಾಳೆಗಳಲ್ಲಿ ‘ಯೂನಿವರ್ಸಲ್ ಲೈಬ್ರರಿ’ ಎಂಬ ಪಟ್ಟಿ, ಒಂದು ಸಂಖ್ಯೆ. ಮುಂದೆ ಉಸ್ಮಾನಿಯಾ ಗ್ರಂಥಾಲಯದ ಚೀಟಿ: ವರ್ಗಸಂಖ್ಯೆ, ಸೇರ್ಪಡೆ ಸಂಖ್ಯೆ, ಗ್ರಂಥಕರ್ತ, ಶೀರ್ಷಿಕೆ, ಕೆಳಗೆ, ಕಡೆಯಲ್ಲಿ ಗುರುತಿಸಿದ ತಾರೀಖಿನೊಳಗೆ ಈ ಪುಸ್ತಕವನ್ನು ಹಿಂದಿರುಗಿಸತಕ್ಕದ್ದು ಎಂಬ ಸೂಚನೆ. ಮೂರು ತಲೆಮಾರಿನ ಹಿಂದೆ ಯಾದಗಿರಿಯ ಹುಡುಗ ಹೈದರಾಬಾದಿಗೆ ಹೋಗಿ ಕೋಣೆ ಹಿಡಿದು, ಶುಲ್ಕ ಕಟ್ಟಿ ಮುಟ್ಟಬೇಕಾಗಿದ್ದ ಆ ಹಾಳೆ ಈಗ ಶಹಾಪುರದ ಹೊಲದ ಬದುವಿನ ಮೇಲೆ ತೆರೆದುಕೊಳ್ಳುತ್ತದೆ. ಟೇಲರನ ಆತ್ಮಕಥೆಯೂ ಅಲ್ಲಿದೆ. ಸುರಪುರದ ಒಬ್ಬ ಮಾಸ್ತರು ಅದನ್ನು ಎದುರಿಗಿಟ್ಟುಕೊಂಡು, ಅವನು ಎಲ್ಲಿ ಸತ್ಯ ಹೇಳಿದ, ಎಲ್ಲಿ ತನ್ನನ್ನು ತಾನೇ ಹೊಗಳಿಕೊಂಡ ಎಂದು ಊರವರ ಮಾತಿನೊಡನೆ ತಾಳೆ ಹಾಕಬಲ್ಲರು. ಇದು ಸಣ್ಣ ಬದಲಾವಣೆಯಲ್ಲ. ಇತಿಹಾಸ ಬರೆಯುವ ಅಧಿಕಾರ ರೈಲು ಹತ್ತಿ ಹೋದವರಿಗಷ್ಟೇ ಇದ್ದ ಕಾಲ ಮುಗಿಯುತ್ತ ಬಂತು.

ಆದರೆ ನಾಗಾವಿಯ ಆರು ಮಂದಿಯನ್ನು ಇಲ್ಲಿ ಮತ್ತೆ ನೆನೆಯಬೇಕು. ಆ ಹೆಸರಾಂತ ಯೋಜನೆಯಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನು ರೋಮನ್ ಅಕ್ಷರಗಳಲ್ಲಿ ಮನಬಂದಂತೆ ಬೆರಳಚ್ಚು ಮಾಡಿದ್ದರು. ಕನ್ನಡ ಬಾರದ ಕೈ ಬರೆದ ಕನ್ನಡ ಹೆಸರು. ಹುಡುಕಿದರೆ ಸಿಕ್ಕುವ ಬಗೆ ಹೇಗೆ? ಪುಸ್ತಕ ಲೋಕಕ್ಕೆಲ್ಲ ತೆರೆದಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಡೆಗೆ ಬೆಂಗಳೂರಿನ ಕೆಲವರು ಉತ್ಸಾಹಿಗಳು ‘ಪುಸ್ತಕ ಸಂಚಯ’ ಎಂಬ ತಾಣ ಮಾಡಿ, ಬಿಡುವಿನ ವೇಳೆಯಲ್ಲಿ ನೂರಾರು ಜನರನ್ನು ಕಲೆಹಾಕಿ, ಒಂದೊಂದೇ ಹೆಸರನ್ನು ಕನ್ನಡ ಲಿಪಿಗೆ ತಿರುಗಿಸಿದರು. ಅದೇ ಬಳಗ ‘ವಚನ ಸಂಚಯ’ವನ್ನೂ ಕಟ್ಟಿತು. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದ 20,000ಕ್ಕೂ ಹೆಚ್ಚು ವಚನಗಳಲ್ಲಿ ಒಂದು ಶಬ್ದ ಎಲ್ಲೆಲ್ಲಿ ಬಂದಿದೆಯೆಂದು ಈಗ ಕ್ಷಣದಲ್ಲಿ ಕಾಣಬಹುದು. ಸುರಪುರ ತಾಲ್ಲೂಕಿನ ಮುದನೂರಿನ ದೇವರ ದಾಸಿಮಯ್ಯ ಒಂದು ಮಾತನ್ನು ಎಷ್ಟು ಬಾರಿ ಬಳಸಿದನೆಂದು ಎಣಿಸಲು ಹಿಂದಿನ ಪಂಡಿತರಿಗೆ ಎಷ್ಟೋ ದಿನ ಬೇಕಾಗುತ್ತಿತ್ತು. ಹಾಗೆ ಎಣಿಸುತ್ತ ಅವರು ಇಡೀ ದಾಸಿಮಯ್ಯನನ್ನು ಓದಿಬಿಡುತ್ತಿದ್ದರು. ಈಗಿನವನು ಶಬ್ದವನ್ನಷ್ಟೇ ನೋಡಿ ಹೊರಟುಬಿಡುವ ಅಪಾಯವಿದೆ. ಆ ಅಪಾಯವನ್ನು ತಾಣ ಕಟ್ಟಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೊರತೆಗಳು ಇನ್ನೂ ಇವೆ. ಹಳೆಯ ಪುಸ್ತಕಗಳ ಪುಟಗಳು ಅಂತರ್ಜಾಲದಲ್ಲಿ ಬಹಳ ಮಟ್ಟಿಗೆ ಚಿತ್ರಗಳು ಮಾತ್ರ. ಯಂತ್ರ ಅವುಗಳ ಅಕ್ಷರ ಗುರುತಿಸುವಾಗ ಒತ್ತಕ್ಷರಗಳಲ್ಲಿ ಎಡವುತ್ತದೆ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ 30,000 ಲೇಖನಗಳನ್ನು ದಾಟಿದೆ. ಇಂಗ್ಲಿಷಿನದು 65 ಲಕ್ಷವನ್ನು ಮೀರಿದೆ. ಈಗ ಕೇಳಿದ್ದಕ್ಕೆಲ್ಲ ತಾನೇ ವಾಕ್ಯ ಕಟ್ಟಿ ಉತ್ತರ ಹೇಳುವ ಯಂತ್ರಗಳೂ ಬಂದಿವೆ. ಅವು ಓದಿದ್ದು ಅಂತರ್ಜಾಲದಲ್ಲಿದ್ದದ್ದನ್ನು. ಪ್ಯಾರಿಸಿನ ಬಗ್ಗೆ ಕೇಳಿದರೆ ಅವಕ್ಕೆ ಆಧಾರ ಸಾಕಷ್ಟಿದೆ. ವಿಭೂತಿಹಳ್ಳಿಯ ಬಗ್ಗೆ ಕನ್ನಡದಲ್ಲಿ ಕೇಳಿದರೆ ಆಧಾರ ತೀರ ಕಡಮೆ, ಆದರೆ ಉತ್ತರದ ಧಾಟಿ ಅಷ್ಟೇ ಗಟ್ಟಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಮಾಸ್ತರನ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ನು ಓದುವವರ ಮಾತು. 2009ರ ಕೊನೆಯಲ್ಲಿ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಹೊಸ ಜಿಲ್ಲೆಯ ಸಾಕ್ಷರತೆ ನೂರಕ್ಕೆ 51.83, ರಾಜ್ಯದಲ್ಲೇ ಕಡಮೆ, ಹೆಂಗಸರಲ್ಲಿ 41.38. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಮನೆಗೊಂದು ಫೋನಿದ್ದರೆ ಅದು ಗಂಡನ ಅಥವಾ ಮಗನ ಜೇಬಿನಲ್ಲಿ. ಹೆಣ್ಣುಮಗಳಿಗೆ ಸಿಕ್ಕುವುದು ಅವರು ಮಲಗಿದ ಮೇಲೆ. ‘ಭಂಡಾರ ಎಲ್ಲರಿಗೂ ತೆರೆದಿದೆ’ ಎಂದು ಹೇಳುವಾಗ ಈ ಎರಡು ಲೆಕ್ಕಗಳನ್ನು ಮರೆಯುವಂತಿಲ್ಲ. ಅಕ್ಷರ ಬಾರದವರೂ ಫೋನನ್ನು ಬಿಟ್ಟಿಲ್ಲವೆಂಬುದು ನಿಜ. ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳನ್ನು ಭಜನೆಯವರು ಹಾಡಿದ್ದು ಈಗ ಫೋನಿನಲ್ಲಿ ಸಿಕ್ಕುತ್ತದೆ. ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿರುವವರು ರಾತ್ರಿ ತಗಡಿನ ಶೆಡ್ಡಿನಲ್ಲಿ ಅದನ್ನು ಕೇಳುತ್ತಾರೆ. ಕಿವಿಯ ಪರಂಪರೆಗೆ ಇದರಿಂದ ಲಾಭವೇ ಆಯಿತು. ಕಣ್ಣಿನ ಓದಿಗೆ ಆದದ್ದು ಅಷ್ಟು ನಿಶ್ಚಿತವಲ್ಲ.

ಹಳ್ಳಿಯ ಗ್ರಂಥಾಲಯಗಳ ಸ್ಥಿತಿ ಬಹುಕಾಲ ಎಲ್ಲರಿಗೂ ತಿಳಿದದ್ದೇ: ಒಂದು ಕೋಣೆ, ಎರಡು ಪತ್ರಿಕೆ, ಅಲ್ಪ ಗೌರವಧನದ ಒಬ್ಬ ಮೇಲ್ವಿಚಾರಕ, ದಿನಕ್ಕೆ ಕೆಲವೇ ಗಂಟೆ. 2019ರಲ್ಲಿ ಇವನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಲಾಯಿತು. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ‘ಓದುವ ಬೆಳಕು’ ಎಂಬ ಹೆಸರಿನಲ್ಲಿ ಮಕ್ಕಳನ್ನು ಈ ಕೋಣೆಗಳಿಗೆ ಕರೆದರು. ಮುಂದೆ ಇವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರಾಯಿತು. ಹಲವು ಕಡೆ ಗಣಕಯಂತ್ರ, ಫೋನು, ದೂರದರ್ಶನ ಬಂದವು. ಅದೇ 2020ರಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ ತೆರೆಯಿತು. ಇವು ಒಳ್ಳೆಯ ಕೆಲಸಗಳು, ಸಂದೇಹವಿಲ್ಲ. ನನ್ನ ಒಂದೇ ತಕರಾರೆಂದರೆ, ಯಂತ್ರಕ್ಕೆ ಖರ್ಚು ಮಾಡುವ ಕೈ ಮೇಲ್ವಿಚಾರಕನ ಬಳಿ ಬಂದಾಗ ಬಿಗಿಯುತ್ತದೆ. ಮಗು ಬಂದು ‘ಇಸಾಂಪುರದ ಕಲ್ಲಿನ ಬಗ್ಗೆ ಬೇಕು’ ಎಂದರೆ, ಯಾವ ಪದ ಹಾಕಿ ಹುಡುಕಬೇಕು, ಬಂದದ್ದರಲ್ಲಿ ಯಾವುದು ನಂಬತಕ್ಕದ್ದು, ಇಂಗ್ಲಿಷಿನದರ ಸಾರಾಂಶವೇನು ಎಂದು ಹೇಳಬೇಕಾದವನು ಅವನೇ. ನಾಗಾವಿಯಲ್ಲಿ ಆ ಕೆಲಸಕ್ಕೆ ಉಪಾಧ್ಯಾಯರ ಸಮಕ್ಕೆ ಜನರಿದ್ದರು.

ಕೊನೆಯದಾಗಿ, ಇನ್ನೂ ಯಾವ ಜಾಲಕ್ಕೂ ಸೇರದ ಕಾಗದಗಳು. ಸಗರನಾಡಿನ ಹಳೆಯ ಮನೆಗಳ ಅಟ್ಟದಲ್ಲಿ, ಮಠಗಳ ಗಂಟುಗಳಲ್ಲಿ ಏನೇನಿದೆಯೋ! ಹುಣಿಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಳಿದ ಬಟ್ಟೆಯ ಕಡತಗಳು, ಮೋಡಿ ಲಿಪಿಯ ಲೆಕ್ಕಗಳು, ಉರ್ದುವಿನ ಖರೀದಿ ಪತ್ರಗಳು. ಅಜ್ಜ ಬರೆಸಿದ ಹೊಲದ ಪತ್ರವನ್ನು ಓದಬಲ್ಲವರು ಮೊಮ್ಮಗನ ಮನೆಯಲ್ಲಿಲ್ಲ; ಊರಿನಲ್ಲಿ ಉರ್ದು ಬಲ್ಲ ಹಿರಿಯರೂ ಕಡಮೆಯಾಗುತ್ತಿದ್ದಾರೆ. ಸುರಪುರದ ಚಿತ್ರಕಾರರ ಪರಂಪರೆಯ ಪಟಗಳು ಹೊರಗಿನ ಸಂಗ್ರಹಗಳಿಗೆ ಸೇರಿದ್ದು ಹಳೆಯ ಕಥೆ. ಉಳಿದ ಕಾಗದಗಳಾದರೂ ಹಾಗಾಗಬಾರದೆಂದು ಕೆಲವು ಯುವಕರು ಫೋನಿನಲ್ಲೇ ಚಿತ್ರ ತೆಗೆದು ಹಂಚುತ್ತಾರೆ. ಉತ್ಸಾಹ ಮೆಚ್ಚತಕ್ಕದ್ದು. ಆದರೆ ಕೈಯಿಂದ ಕೈಗೆ ಹೋಗುತ್ತ ಚಿತ್ರ ಮಸುಕಾಗುತ್ತದೆ. ಯಾವ ಊರಿನದು, ಯಾರ ಮನೆಯದು ಎಂಬುದು ಮೊದಲ ದಿನವೇ ಅಳಿಸಿಹೋಗುತ್ತದೆ.

ತಮ್ಮ ಮನೆಯಲ್ಲಿ ಇಂಥ ಗಂಟೇನಾದರೂ ಇದ್ದರೆ ಹೀಗೆ ಮಾಡಬಹುದು. ಮೋಡವಿಲ್ಲದ ದಿನ ಬೆಳಗಿನ ಹೊತ್ತು, ನೆರಳಿನಲ್ಲಿ, ಒಂದೊಂದೇ ಹಾಳೆಯನ್ನು ಬಿಳಿ ಬಟ್ಟೆಯ ಮೇಲೆ ಹಾಸಿ, ನಾಲ್ಕೂ ಮೂಲೆ ಕಾಣುವಂತೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಎರಡೂ ಬದಿ ತೆಗೆಯಿರಿ. ಹಿಂಬದಿಯಲ್ಲಿ ಏನೂ ಇಲ್ಲವೆಂದು ತೋರಿದರೂ ತೆಗೆಯಿರಿ. ಊರು, ತಾಲ್ಲೂಕು, ತಾರೀಖು, ಕಾಗದ ಹೇಗೆ ಬಂತೆಂದು ಮನೆಯ ಹಿರಿಯರು ಹೇಳುವ ಮಾತು, ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಮೊದಲ ಚಿತ್ರವಾಗಿ ಆ ಚೀಟಿಯನ್ನೇ ತೆಗೆಯಿರಿ. ಒಂದು ಪ್ರತಿಯನ್ನು ಊರಿನ ಅರಿವು ಕೇಂದ್ರದ ಗಣಕಯಂತ್ರದಲ್ಲಿ ಇಡಿಸಿರಿ. ಮೂಲ ಕಾಗದವನ್ನು ಯಾರಿಗೂ ಕೊಡದೆ ಬೇವಿನ ಎಲೆ ಹಾಕಿ ಮತ್ತೆ ಗಂಟು ಕಟ್ಟಿ ಅಟ್ಟಕ್ಕೇ ಏರಿಸಿರಿ.